ಟಿ ಕೋಶ ಯಾರ ಮಾತು ಕೇಳುತ್ತದೆ?

ಕುಷ್ಠರೋಗ ತರುವ ಬ್ಯಾಕ್ಟೀರಿಯಾ ಬಹುತೇಕ ಎಲ್ಲರಲ್ಲೂ ಒಂದೇ. ಆದರೆ ರೋಗ ಎಲ್ಲರಿಗೂ ಒಂದೇ ತರ ಬರುವುದಿಲ್ಲ. ಕೆಲವರ ಮೈಮೇಲೆ ಒಂದೆರಡು ಮಚ್ಚೆ ಕಾಣಿಸುತ್ತವೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಆ ಮಚ್ಚೆಯ ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಾ ಹುಡುಕಿದರೂ ಸಿಗುವುದು ಕಷ್ಟ. ಇನ್ನು ಕೆಲವರಿಗೆ ಮುಖ, ಕಿವಿಯ ಚರ್ಮ ದಪ್ಪಗಾಗಿ ಗಂಟು ಕಟ್ಟುತ್ತದೆ. ಅವರ ಚರ್ಮದ ತುಂಬ ಬ್ಯಾಕ್ಟೀರಿಯಾ. ಮೊದಲನೆಯ ಬಗೆಗೆ ಟ್ಯೂಬರ್ಕ್ಯುಲಾಯ್ಡ್ ಎನ್ನುತ್ತಾರೆ, ಎರಡನೆಯದಕ್ಕೆ ಲೆಪ್ರೊಮ್ಯಾಟಸ್. ಹೆಚ್ಚಿನ ರೋಗಿಗಳು ಇವೆರಡರ ನಡುವೆ ಎಲ್ಲೋ ಇರುತ್ತಾರೆ.

ಎರಡನೆಯವರ ರೋಗನಿರೋಧಕ ಶಕ್ತಿ ಸೋತು ಮಲಗಿದೆ ಅಂತ ಅನ್ನಿಸುತ್ತದೆ ಅಲ್ವಾ? ಹಾಗೇನಿಲ್ಲ. ಅವರ ರಕ್ತದಲ್ಲಿ ಆ ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಾಡಿ ಬೇಕಾದಷ್ಟಿದೆ. ಮಚ್ಚೆ ಬಂದವರಿಗಿಂತ ಜಾಸ್ತಿಯೇ ಇದೆ. ಆದರೆ ಬ್ಯಾಕ್ಟೀರಿಯಾ ಕೂತಿರುವುದು ಮ್ಯಾಕ್ರೊಫೇಜ್ ಎಂಬ ಕೋಶಗಳ ಒಳಗೆ. ಆಂಟಿಬಾಡಿ ಅಲ್ಲಿಗೆ ಹೋಗಲಾರದು. ದೇಹ ಕೆಲಸ ಮಾಡುತ್ತಿದೆ, ಆದರೆ ತಪ್ಪು ಕೆಲಸ ಮಾಡುತ್ತಿದೆ.

1991ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಎರಡೂ ಬಗೆಯ ರೋಗಿಗಳ ಚರ್ಮವನ್ನು ಪರೀಕ್ಷಿಸಿದರು. ಮೊದಲನೆಯ ಬಗೆಯಲ್ಲಿ ಇಂಟರ್‌ಲ್ಯೂಕಿನ್-2 ಮತ್ತು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೋಟೀನ್‌ಗಳ ಸದ್ದು ಜೋರಾಗಿತ್ತು. ಎರಡನೆಯದರಲ್ಲಿ ಇಂಟರ್‌ಲ್ಯೂಕಿನ್-4, 5 ಮತ್ತು 10. ರೋಗಾಣು ಒಂದೇ, ಕೋಶಗಳು ಆಡಿಕೊಳ್ಳುತ್ತಿದ್ದ ಮಾತು ಬೇರೆ. ಜಗತ್ತಿನಲ್ಲಿ ಪ್ರತಿವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದವರು. ಹಾಗಾಗಿ ಈ ವ್ಯತ್ಯಾಸ ನಮಗೆ ಬರೀ ಪಠ್ಯಪುಸ್ತಕದ ವಿಷಯವಲ್ಲ.

ಈ ಮಾತುಕತೆಯ ನಡುವೆ ಇರುವುದು ಸಹಾಯಕ ಟಿ ಕೋಶ ಎಂಬ ಬಿಳಿ ರಕ್ತಕಣ.

ಹೆಸರಲ್ಲಿ ಸಹಾಯಕ, ಕೆಲಸದಲ್ಲಿ ಯಜಮಾನ

ಸಹಾಯಕ ಟಿ ಕೋಶ ತಾನಾಗಿ ರೋಗಾಣುವನ್ನು ಕೊಲ್ಲುವುದು ಕಡಿಮೆ. ಬೇರೆ ಕೋಶಗಳಿಗೆ ಏನು ಮಾಡಬೇಕು ಅಂತ ಹೇಳುತ್ತದೆ. ಆಂಟಿಬಾಡಿ ಮಾಡುವ ಬಿ ಕೋಶ, ರೋಗಾಣು ನುಂಗುವ ಮ್ಯಾಕ್ರೊಫೇಜ್, ಸೋಂಕಿತ ಕೋಶವನ್ನು ಕೊಲ್ಲುವ ಇನ್ನೊಂದು ಬಗೆಯ ಟಿ ಕೋಶ, ಇವೆಲ್ಲ ಅದರ ಮಾತು ಕೇಳುತ್ತವೆ. ಇದು ಎಷ್ಟು ಮುಖ್ಯ ಅನ್ನುವುದನ್ನು ಎಚ್‌ಐವಿ ತೋರಿಸಿಕೊಟ್ಟಿದೆ. ಆ ವೈರಸ್ ಹಿಡಿಯುವುದು ಸಿಡಿ4 ಎಂಬ ಗುರುತಿರುವ ಈ ಕೋಶಗಳನ್ನೇ. ಇವು ಕಡಿಮೆಯಾದಂತೆ ಉಳಿದೆಲ್ಲ ವ್ಯವಸ್ಥೆ ಕುಸಿಯುತ್ತದೆ.

ಈ ಕೋಶಗಳ ಮೂಲ ಎಲುಬಿನ ಮಜ್ಜೆ. ಅಲ್ಲಿಂದ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಹೋಗಿ ಬೆಳೆಯುತ್ತವೆ. ನಮ್ಮದೇ ದೇಹದ ಮೇಲೆ ಬೀಳುವಂಥವು ಬಹುಪಾಲು ಅಲ್ಲೇ ಸಾಯುತ್ತವೆ. ಪಾಸಾದವು ಹೊರಗೆ ಬರುತ್ತವೆ, ಆದರೆ ಆಗಿನ್ನೂ ಅವಕ್ಕೆ ಇಂಥದೇ ಅನ್ನುವ ಕೆಲಸ ಗೊತ್ತಾಗಿರುವುದಿಲ್ಲ. ರಕ್ತದಲ್ಲಿ, ದುಗ್ಧಗ್ರಂಥಿಗಳಲ್ಲಿ ಸುಮ್ನೆ ಸುತ್ತುತ್ತಿರುತ್ತವೆ.

ಒಂದು ದಿನ ದುಗ್ಧಗ್ರಂಥಿಯಲ್ಲಿ ಡೆಂಡ್ರಿಟಿಕ್ ಕೋಶ ಎದುರಾಗುತ್ತದೆ. ಅದು ರೋಗಾಣುವಿನ ಒಂದು ತುಣುಕನ್ನು ಎತ್ತಿ ತೋರಿಸುತ್ತದೆ. ಆ ತುಣುಕು ತನಗೆ ಹೊಂದಿದರೆ ಟಿ ಕೋಶ ಎಚ್ಚೆತ್ತುಕೊಳ್ಳುತ್ತದೆ. ಅಷ್ಟೇ ಸಾಲದು, ಇದು ನಿಜವಾದ ಅಪಾಯ ಅನ್ನುವ ಎರಡನೇ ಖಾತ್ರಿಯೂ ಬೇಕು. ಅದನ್ನೂ ಡೆಂಡ್ರಿಟಿಕ್ ಕೋಶವೇ ಕೊಡುತ್ತದೆ. ಇವೆರಡು ಸಿಕ್ಕರೆ ಟಿ ಕೋಶ ಒಡೆದು ಒಡೆದು ಸಾವಿರಾರು ಆಗುತ್ತದೆ. ಆದರೆ ಏನು ಕೆಲಸ ಮಾಡಬೇಕು? ಅದನ್ನು ಹೇಳುವುದು ಮೂರನೇ ಸಂದೇಶ. ಅದು ಸುತ್ತಲ ಕೋಶಗಳು ಹೊರಗೆ ಬಿಡುವ ಪುಟ್ಟ ಪ್ರೋಟೀನ್‌ಗಳು, ಅಂದರೆ ಸೈಟೊಕೈನ್‌ಗಳು. ಇಂಟರ್‌ಲ್ಯೂಕಿನ್, ಇಂಟರ್‌ಫೆರಾನ್ ಎಲ್ಲ ಈ ಗುಂಪಿನವೇ. ಇನ್ನು ಮುಂದೆ ಇಂಟರ್‌ಲ್ಯೂಕಿನ್ ಅನ್ನುವುದಕ್ಕೆ ಐಎಲ್ ಎಂದೇ ಬರೆಯುತ್ತೇನೆ, ಲ್ಯಾಬ್‌ಗಳಲ್ಲಿ ಎಲ್ಲರೂ ಹಾಗೇ ಹೇಳುವುದು.

ಸಹಾಯಕ ಟಿ ಕೋಶಗಳಲ್ಲಿ ಬೇರೆ ಬೇರೆ ಬಗೆ ಇವೆ ಅನ್ನುವುದು ಸ್ಪಷ್ಟವಾಗಿದ್ದು 1986ರಲ್ಲಿ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಟಿಮ್ ಮೋಸ್ಮನ್ ಮತ್ತು ರಾಬರ್ಟ್ ಕಾಫ್‌ಮನ್ ಇಲಿಯ ಟಿ ಕೋಶಗಳನ್ನು ಬೆಳೆಸಿ, ಯಾವುದು ಯಾವ ಸೈಟೊಕೈನ್ ಬಿಡುತ್ತದೆ ಅಂತ ನೋಡಿದರು. ಎರಡು ಗುಂಪು ಸಿಕ್ಕವು. ಒಂದು ಇಂಟರ್‌ಫೆರಾನ್ ಗಾಮಾ ಬಿಡುತ್ತಿತ್ತು, ಇನ್ನೊಂದು ಐಎಲ್-4. ಅವುಗಳಿಗೆ ಟಿಎಚ್1, ಟಿಎಚ್2 ಎಂದು ಹೆಸರಿಟ್ಟರು. ಟಿಎಚ್1 ಮ್ಯಾಕ್ರೊಫೇಜ್‌ಗಳನ್ನು ಕೆರಳಿಸಿ ಒಳಗಿರುವ ಬ್ಯಾಕ್ಟೀರಿಯಾವನ್ನು ಕೊಲ್ಲಿಸುತ್ತದೆ. ಟಿಎಚ್2 ಹೊಟ್ಟೆಯ ಜಂತುಹುಳುಗಳ ವಿರುದ್ಧ ಒಳ್ಳೆಯದು. ಹದ ತಪ್ಪಿದರೆ ಅಸ್ತಮಾ, ಅಲರ್ಜಿ, ಎಕ್ಸಿಮಾ ತರುವುದೂ ಅದೇ. ಲೆಪ್ರೊಮ್ಯಾಟಸ್ ರೋಗಿಗಳ ಚರ್ಮದಲ್ಲಿ ಕಂಡಿದ್ದು ಈ ಎರಡನೇ ಬಗೆಯ ಮಾತು.

ಹೊರಗಿನ ಮಾತು ಒಳಗೆ ಹೋಗುವ ದಾರಿ

ಸೈಟೊಕೈನ್ ಕೋಶದ ಒಳಗೆ ಹೋಗಿ ಕೆಲಸ ಮಾಡುವುದಿಲ್ಲ. ಹೊರಮೈಯಲ್ಲಿ ಅದನ್ನು ಹಿಡಿಯಲು ಇರುವ ಪ್ರೋಟೀನ್, ಅಂದರೆ ರಿಸೆಪ್ಟರ್‌ಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಅಂಟಿಕೊಂಡಾಗ ರಿಸೆಪ್ಟರ್‌ನ ತುಂಡುಗಳು ಒಟ್ಟಿಗೆ ಬರುತ್ತವೆ. ಅವುಗಳ ಬಾಲ ಕೋಶದ ಒಳಗಿರುತ್ತದೆ. ಇಲ್ಲಿ ಬರುವ ಹೆಚ್ಚಿನ ಸೈಟೊಕೈನ್‌ಗಳ ವಿಷಯದಲ್ಲಿ ಆ ಬಾಲಕ್ಕೆ ಜ್ಯಾಕ್ ಎಂಬ ಕಿಣ್ವ ಮೊದಲೇ ಅಂಟಿಕೊಂಡಿರುತ್ತದೆ. ಹತ್ತಿರ ಬಂದ ಜ್ಯಾಕ್‌ಗಳು ಒಂದನ್ನೊಂದು ಚುರುಕು ಮಾಡಿ, ಬಾಲದ ಮೇಲೆ ಫಾಸ್ಫೇಟ್ ಅಂಟಿಸುತ್ತವೆ. ಅಲ್ಲಿಗೆ ಸ್ಟ್ಯಾಟ್ ಎಂಬ ಪ್ರೋಟೀನ್ ಬಂದು ಕೂರುತ್ತದೆ. ಜ್ಯಾಕ್ ಅದಕ್ಕೂ ಒಂದು ಫಾಸ್ಫೇಟ್ ಅಂಟಿಸುತ್ತದೆ. ಆಗ ಎರಡು ಸ್ಟ್ಯಾಟ್ ಜೋಡಿಯಾಗಿ, ನ್ಯೂಕ್ಲಿಯಸ್‌ಗೆ ಹೋಗಿ, ನೇರವಾಗಿ ಡಿಎನ್‌ಎ ಮೇಲೆ ಕೂರುತ್ತವೆ. ಕೆಲವು ಜೀನ್‌ಗಳು ಶುರುವಾಗುತ್ತವೆ, ಕೆಲವು ನಿಲ್ಲುತ್ತವೆ. ಇದೆಲ್ಲ ಕೆಲವೇ ನಿಮಿಷಗಳ ಕೆಲಸ.

ಈ ದಾರಿ ಗೊತ್ತಾಗಿದ್ದು 1990ರ ದಶಕದ ಮೊದಲ ವರ್ಷಗಳಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇಮ್ಸ್ ಡಾರ್ನೆಲ್, ಜೊತೆಗೆ ಜಾರ್ಜ್ ಸ್ಟಾರ್ಕ್, ಇಯಾನ್ ಕರ್ ಅವರ ತಂಡಗಳು ಇಂಟರ್‌ಫೆರಾನ್ ಹೇಗೆ ಕೆಲಸ ಮಾಡುತ್ತದೆ ಅಂತ ಹುಡುಕುತ್ತಾ ಇದನ್ನು ಕಂಡುಕೊಂಡವು. ನಮ್ಮಲ್ಲಿ ಜ್ಯಾಕ್ ಇರುವುದು 4, ಸ್ಟ್ಯಾಟ್ 7. ಸೈಟೊಕೈನ್‌ಗಳೋ ಹತ್ತಾರು. ಇಷ್ಟು ಕಡಿಮೆ ಪ್ರೋಟೀನ್ ಇಟ್ಟುಕೊಂಡು ಅಷ್ಟೊಂದು ಬೇರೆ ಬೇರೆ ಸಂದೇಶವನ್ನು ಹೇಗೆ ಸಾಗಿಸುತ್ತವೆ? ಉತ್ತರದ ಒಂದು ಭಾಗ, ಯಾವ ರಿಸೆಪ್ಟರ್ ಯಾವ ಸ್ಟ್ಯಾಟ್ ಅನ್ನು ಹಿಡಿಯುತ್ತದೆ ಅನ್ನುವುದರಲ್ಲಿದೆ.

ಐಎಲ್-12 ಬಂದರೆ ಸ್ಟ್ಯಾಟ್4 ಏಳುತ್ತದೆ. ಅದು ಟಿ-ಬೆಟ್ ಎಂಬ ಪ್ರೋಟೀನ್ ಜೊತೆ ಸೇರಿ ಕೋಶವನ್ನು ಟಿಎಚ್1 ಮಾಡುತ್ತದೆ. ಐಎಲ್-4 ಬಂದರೆ ಸ್ಟ್ಯಾಟ್6 ಏಳುತ್ತದೆ, ಅದು ಗ್ಯಾಟಾ-3 ಅನ್ನು ಎಬ್ಬಿಸುತ್ತದೆ, ಕೋಶ ಟಿಎಚ್2 ಆಗುತ್ತದೆ. ಟಿ-ಬೆಟ್, ಗ್ಯಾಟಾ-3 ಇವು ಜೀನ್‌ಗಳ ಮೇಲೆ ಹಿಡಿತ ಇರುವ ಪ್ರೋಟೀನ್‌ಗಳು. ಸ್ಟ್ಯಾಟ್ ಬಂದು ಹೋಗುತ್ತದೆ, ಇವು ಉಳಿಯುತ್ತವೆ.

ಮಜಾ ಇರುವುದು ಮುಂದೆ. ಟಿಎಚ್1 ಬಿಡುವ ಇಂಟರ್‌ಫೆರಾನ್ ಗಾಮಾ, ಸ್ಟ್ಯಾಟ್1 ಮೂಲಕ ಟಿ-ಬೆಟ್ ಅನ್ನು ಇನ್ನೂ ಜಾಸ್ತಿ ಮಾಡುತ್ತದೆ. ಟಿಎಚ್2 ಬಿಡುವ ಐಎಲ್-4 ಇನ್ನಷ್ಟು ಟಿಎಚ್2 ಹುಟ್ಟಿಸುತ್ತದೆ. ಅದರ ಮೇಲೆ ಟಿ-ಬೆಟ್ ಗ್ಯಾಟಾ-3ಯನ್ನು ಅದುಮುತ್ತದೆ, ಗ್ಯಾಟಾ-3 ಸ್ಟ್ಯಾಟ್4 ಅನ್ನು ಕಡಿಮೆ ಮಾಡುತ್ತದೆ. ಶುರುವಿನಲ್ಲಿ ಚೂರು ವ್ಯತ್ಯಾಸ ಇದ್ದರೆ ಸಾಕು, ಕೊನೆಗೆ ಪೂರ್ತಿ ಒಂದೇ ಕಡೆ ವಾಲುತ್ತದೆ. ಒಂದೇ ಬ್ಯಾಕ್ಟೀರಿಯಾ ಎರಡು ದೇಹಗಳಲ್ಲಿ ಎರಡು ತುದಿ ಮುಟ್ಟುವುದಕ್ಕೆ ಇದೊಂದು ಕಾರಣ.

ಐಎಲ್-12 ಮೇಲೆ ಬಂದ ಸುಳ್ಳು ಆರೋಪ

ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಎಲ್ಲವನ್ನೂ ಟಿಎಚ್1, ಟಿಎಚ್2 ಎಂಬ ಎರಡೇ ಲೆಕ್ಕದಲ್ಲಿ ನೋಡಿದರು. ಅಲರ್ಜಿ ಅಂದರೆ ಟಿಎಚ್2. ದೇಹ ತನ್ನನ್ನೇ ತಾನು ತಿನ್ನುವ ಆಟೊಇಮ್ಯೂನ್ ಕಾಯಿಲೆ ಅಂದರೆ ಟಿಎಚ್1. ಚೆನ್ನಾಗಿಯೇ ಇತ್ತು. ಆದರೆ ಕೆಲವು ಇಲಿಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ.

ನರಗಳ ಹೊದಿಕೆಯನ್ನು ದೇಹವೇ ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಹೋಲುವ ಕಾಯಿಲೆಯೊಂದನ್ನು ಇಲಿಗಳಲ್ಲಿ ತರಿಸಬಹುದು. ಅದಕ್ಕೆ ಟಿಎಚ್1 ಕಾರಣ ಅಂತ ನಂಬಿಕೆ. ಹಾಗಾದರೆ ಇಂಟರ್‌ಫೆರಾನ್ ಗಾಮಾ ಇಲ್ಲದ ಇಲಿಗೆ ಕಾಯಿಲೆ ಬರಬಾರದು. ಬಂತು, ಇನ್ನೂ ಜೋರಾಗಿ ಬಂತು. ಅದೇ ಐಎಲ್-12ರ ಪಿ40 ಎಂಬ ತುಂಡನ್ನು ತೆಗೆದರೆ ಕಾಯಿಲೆ ಬರುತ್ತಿರಲಿಲ್ಲ. ಎರಡೂ ಹೇಗೆ ನಿಜವಾಗುತ್ತದೆ?

ಗುಟ್ಟು ಆ ತುಂಡಿನಲ್ಲೇ ಇತ್ತು. ಐಎಲ್-12 ಎರಡು ತುಂಡು ಸೇರಿ ಆದ ಪ್ರೋಟೀನ್, ಪಿ35 ಮತ್ತು ಪಿ40. ಐಎಲ್-23 ಎಂಬ ಇನ್ನೊಂದು ಸೈಟೊಕೈನ್ 2000ದಲ್ಲಿ ಸಿಕ್ಕಿತು. ಅದರಲ್ಲೂ ಅದೇ ಪಿ40 ಇದೆ, ಜೊತೆಗಿರುವ ತುಂಡು ಮಾತ್ರ ಪಿ19. ಅಂದರೆ ಪಿ40 ತೆಗೆದವರು ಗೊತ್ತಿಲ್ಲದೆ ಎರಡು ಸೈಟೊಕೈನ್ ತೆಗೆದಿದ್ದರು. 2003ರಲ್ಲಿ ಬೇರೆ ಬೇರೆಯಾಗಿ ತೆಗೆದು ನೋಡಿದರು. ಐಎಲ್-12 ಇಲ್ಲದಿದ್ದರೂ ಕಾಯಿಲೆ ಬಂತು. ಐಎಲ್-23 ಇಲ್ಲದಿದ್ದಾಗ ಬರಲಿಲ್ಲ. ಇಷ್ಟು ವರ್ಷ ಐಎಲ್-12 ಮೇಲೆ ಹೊರಿಸಿದ್ದ ತಪ್ಪು ಐಎಲ್-23ರದ್ದು. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು.

2005ರಲ್ಲಿ ಮೂರನೇ ಬಗೆಯನ್ನು ಬೇರೆಯಾಗಿ ಗುರುತಿಸಿದರು. ಅದು ಐಎಲ್-17 ಬಿಡುತ್ತದೆ, ಹಾಗಾಗಿ ಟಿಎಚ್17. ಇದು ಬರೀ ಕಾಯಿಲೆ ತರಲು ಇರುವ ಕೋಶವಲ್ಲ. ಬಾಯಿ, ಚರ್ಮ, ಕರುಳಿನ ಗೋಡೆಯಲ್ಲಿ ಫಂಗಸ್ಸನ್ನೂ ಕೆಲವು ಬ್ಯಾಕ್ಟೀರಿಯಾವನ್ನೂ ಹದ್ದುಬಸ್ತಿನಲ್ಲಿಡುವುದು ಇದರ ಕೆಲಸ. ಇದು ಎಷ್ಟಿರಬೇಕು ಅನ್ನುವುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈಯೂ ಇದೆ. ಎರಡು ಬೇರೆ ಕಂಪನಿಗಳಿಂದ ತಂದ ಒಂದೇ ತಳಿಯ ಇಲಿಗಳಲ್ಲಿ ಟಿಎಚ್17 ಪ್ರಮಾಣ ಬೇರೆ ಬೇರೆ ಇತ್ತು. ಯಾಕೆ ಅಂತ ಹುಡುಕಿದರೆ, ಒಂದು ಕಂಪನಿಯ ಇಲಿಗಳ ಕರುಳಿನಲ್ಲಿ ದಾರದ ಹಾಗಿರುವ ಒಂದು ಬ್ಯಾಕ್ಟೀರಿಯಾ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದನ್ನು ಕರುಳಿಗೆ ಹಾಕಿದರೆ ಟಿಎಚ್17 ಬೆಳೆದವು. ಇದು 2009ರ ಮಾತು.

ಬೆಂಕಿ ಹಚ್ಚುವುದೂ ಆರಿಸುವುದೂ ಒಂದೇ ಪ್ರೋಟೀನ್

1949ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಕೆಲವು ಗಂಡು ಇಲಿಮರಿಗಳು ವಿಚಿತ್ರವಾಗಿ ಹುಟ್ಟಿದವು. ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಗುಲ್ಮ, ದುಗ್ಧಗ್ರಂಥಿಗಳು ಊದಿಕೊಂಡಿದ್ದವು. ಕೆಲವೇ ವಾರ ಬದುಕುತ್ತಿದ್ದವು. ಇವುಗಳಿಗೆ ಸ್ಕರ್ಫಿ ಅಂತ ಹೆಸರು ಬಿತ್ತು. ಸುಮಾರು ಐದು ದಶಕ ಕಳೆದ ಮೇಲೆ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅದರ ಹಿಂದಿನ ಜೀನ್ ಹಿಡಿದರು. 2001ರಲ್ಲಿ ಪ್ರಕಟಿಸಿದರು. ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರು. ಇದೇ ಜೀನ್ ಕೆಟ್ಟರೆ ಗಂಡುಮಕ್ಕಳಲ್ಲಿ ಹುಟ್ಟಿದ ಸ್ವಲ್ಪ ದಿನಕ್ಕೇ ಸಕ್ಕರೆ ಕಾಯಿಲೆ, ತೀವ್ರ ಭೇದಿ, ಎಕ್ಸಿಮಾ ಬರುವ ಐಪೆಕ್ಸ್ ಎಂಬ ಕಾಯಿಲೆ ಆಗುತ್ತದೆ ಎಂದೂ ಗೊತ್ತಾಯಿತು.

ಇತ್ತ ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲೇ ಒಂದು ವಿಷಯ ತೋರಿಸಿದ್ದರು. ಸಹಾಯಕ ಟಿ ಕೋಶಗಳಲ್ಲಿ ಒಂದು ಚಿಕ್ಕ ಗುಂಪು ಉಳಿದವನ್ನು ತಡೆಹಿಡಿಯುತ್ತದೆ. ಆ ಗುಂಪು ಇಲ್ಲದಿದ್ದರೆ ದೇಹ ತನ್ನ ಮೇಲೇ ಬೀಳುತ್ತದೆ. ಇವೇ ನಿಯಂತ್ರಕ ಟಿ ಕೋಶಗಳು, ಚಿಕ್ಕದಾಗಿ ಟಿ-ರೆಗ್. ಅವನ್ನು ಟಿ-ರೆಗ್ ಆಗಿ ಇಡುವ ಪ್ರೋಟೀನ್ ಫಾಕ್ಸ್‌ಪಿ3 ಅನ್ನುವುದು 2003ರಲ್ಲಿ ಖಚಿತವಾಯಿತು. ಬ್ರಂಕೋ, ರಾಮ್ಸ್‌ಡೆಲ್, ಸಕಾಗುಚಿ ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು.

ಟಿ-ರೆಗ್‌ಗಳಲ್ಲಿ ಹಲವು ಥೈಮಸ್‌ನಲ್ಲೇ ತಯಾರಾಗಿ ಬರುತ್ತವೆ. ಇನ್ನು ಕೆಲವು ಹೊರಗೆ, ಉದಾಹರಣೆಗೆ ಕರುಳಿನಲ್ಲಿ, ಆಗುತ್ತವೆ. ಹೊರಗೆ ಆಗಲು ಬೇಕಾದ ಸಂದೇಶ ಟಿಜಿಎಫ್-ಬೀಟಾ ಎಂಬ ಸೈಟೊಕೈನ್, ಜೊತೆಗೆ ಐಎಲ್-2. ಸರಿ, ಹಾಗಾದರೆ ಟಿಜಿಎಫ್-ಬೀಟಾ ಶಾಂತಿಯ ಪ್ರೋಟೀನ್ ಅಂತಾಯಿತಲ್ಲ? ಅಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿತ್ತು! 2006ರಲ್ಲಿ ಹಾರ್ವರ್ಡ್‌ನ ವಿಜಯ್ ಕುಚ್ರೂ ಅವರ ತಂಡ ಮತ್ತು ಇತರರು ತೋರಿಸಿದ್ದು ಇದು: ಅದೇ ಟಿಜಿಎಫ್-ಬೀಟಾ ಜೊತೆ ಐಎಲ್-6 ಸೇರಿದರೆ ಇಲಿಯ ಟಿ ಕೋಶ ಟಿ-ರೆಗ್ ಆಗುವುದಿಲ್ಲ, ಟಿಎಚ್17 ಆಗುತ್ತದೆ. ತಡೆಯುವ ಕೋಶಕ್ಕೂ ಕೆರಳಿಸುವ ಕೋಶಕ್ಕೂ ಅರ್ಧ ಸಂದೇಶ ಒಂದೇ. ಉಳಿದ ಅರ್ಧ ಎಲ್ಲವನ್ನೂ ಬದಲಿಸುತ್ತದೆ.

ಐಎಲ್-6 ಎಬ್ಬಿಸುವುದು ಸ್ಟ್ಯಾಟ್3 ಅನ್ನು. ಐಎಲ್-2 ಎಬ್ಬಿಸುವುದು ಸ್ಟ್ಯಾಟ್5 ಅನ್ನು. ಐಎಲ್-17 ಜೀನ್ ಇರುವ ಡಿಎನ್‌ಎ ಜಾಗದಲ್ಲಿ ಈ ಎರಡೂ ಸ್ಟ್ಯಾಟ್‌ಗಳು ಕೂರುವ ಸ್ಥಳ ಹೆಚ್ಚುಕಮ್ಮಿ ಒಂದೇ. ರಶ್ಶಾದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಸ್ಟ್ಯಾಟ್3 ಜಾಸ್ತಿ ಇದ್ದರೆ ಸೀಟು ಅದರದ್ದು, ಜೀನ್ ಶುರುವಾಗುತ್ತದೆ. ಸ್ಟ್ಯಾಟ್5 ಜಾಸ್ತಿ ಇದ್ದರೆ ಅದು ಕೂತು ಜೀನ್ ನಿಲ್ಲಿಸುತ್ತದೆ. ಕೋಶದೊಳಗೆ ಎರಡೂ ಒಟ್ಟಿಗೇ ಇರಬಹುದು. ನಿರ್ಧಾರ ಆಗುವುದು ಯಾವುದು ಇದೆ ಅನ್ನುವುದರಿಂದಲ್ಲ, ಯಾವುದು ಎಷ್ಟಿದೆ ಅನ್ನುವುದರಿಂದ.

ಐಎಲ್-2 ಕಥೆಯೂ ಹೀಗೇ ತಲೆಕೆಳಗಾಯಿತು. ಅದನ್ನು ಟಿ ಕೋಶ ಬೆಳೆಸುವ ಪ್ರೋಟೀನ್ ಅಂತಲೇ ಮೊದಲು ಗುರುತಿಸಿದ್ದು. ಅದಿಲ್ಲದ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಸೊರಗಬೇಕು ಎಂದು ಕಾದರು. 1993ರಲ್ಲಿ ಕಂಡಿದ್ದು ಬೇರೆ. ಇಲಿಗಳ ಕರುಳು ಉರಿಯೂತದಿಂದ ಹಾಳಾಗುತ್ತಿತ್ತು. ಐಎಲ್-2 ಇಲ್ಲದೆ ಮೊದಲು ಸೊರಗುವುದು ಟಿ-ರೆಗ್, ಹಾಗಾಗಿ ತಡೆಯುವವರೇ ಇರುವುದಿಲ್ಲ.

ಟಿ-ರೆಗ್ ಹೇಗೆ ಬದುಕಿ ಉಳಿಯುತ್ತದೆ ಅನ್ನುವುದರ ಮೇಲೆ ಬೆಂಗಳೂರಿನಲ್ಲೂ ಕೆಲಸ ಆಗಿದೆ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಅಪೂರ್ವಾ ಸರಿನ್ ಅವರ ತಂಡ ನಾಚ್ ಎಂಬ ಸಂದೇಶವಾಹಕ ಪ್ರೋಟೀನನ್ನು ಹಿಂಬಾಲಿಸಿತು. ನಾಚ್ ಸಾಮಾನ್ಯವಾಗಿ ನ್ಯೂಕ್ಲಿಯಸ್‌ಗೆ ಹೋಗಿ ಜೀನ್ ಎಬ್ಬಿಸುವಂಥದ್ದು. ಆದರೆ ಟಿ-ರೆಗ್‌ನಲ್ಲಿ ಅದು ನ್ಯೂಕ್ಲಿಯಸ್ ಹೊರಗೇ ಇದ್ದು ಕೋಶವನ್ನು ಸಾವಿನಿಂದ ಕಾಯುತ್ತದೆ ಎಂದು 2012ರಲ್ಲಿ ತೋರಿಸಿದರು.

ಮಾತು ಶುರು ಮಾಡುವಷ್ಟೇ ಮುಖ್ಯ, ನಿಲ್ಲಿಸುವುದು. ಸ್ಟ್ಯಾಟ್ ಎಬ್ಬಿಸುವ ಜೀನ್‌ಗಳಲ್ಲಿ ಸಾಕ್ಸ್ ಎಂಬ ಪ್ರೋಟೀನ್‌ಗಳ ಜೀನ್‌ಗಳೂ ಇವೆ. ಅವು ವಾಪಸ್ ಬಂದು ಜ್ಯಾಕ್ ಕೈ ಕಟ್ಟುತ್ತವೆ. 1997ರಲ್ಲಿ ಸಾಕ್ಸ್1 ಸಿಕ್ಕಿತು. ಅದಿಲ್ಲದ ಇಲಿಮರಿಗಳು ಮೂರು ವಾರ ತುಂಬುವುದರೊಳಗೆ ಸಾಯುತ್ತವೆ. ಇಂಟರ್‌ಫೆರಾನ್ ಗಾಮಾವನ್ನೂ ತೆಗೆದರೆ ಮಾತ್ರ ಆ ವಯಸ್ಸನ್ನು ದಾಟುತ್ತವೆ.

ಮನುಷ್ಯರಲ್ಲಿ ಒಂದೊಂದು ಕೊಂಡಿ ಕಳಚಿದಾಗ

ಇಲಿಯ ಕಥೆ ಸಾಕು. ನಮ್ಮಲ್ಲಿ ಹುಟ್ಟಿದ ಮಗುವಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕುತ್ತಾರೆ. ಅದು ಜೀವಂತ, ಆದರೆ ಬಲ ಕುಂದಿಸಿದ ಬ್ಯಾಕ್ಟೀರಿಯಾ. ತೋಳಲ್ಲೊಂದು ಕಲೆ ಬಿಟ್ಟು ಸುಮ್ಮನಾಗುತ್ತದೆ. ಆದರೆ ಬಹಳ ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಆ ಲಸಿಕೆಯ ಬ್ಯಾಕ್ಟೀರಿಯಾವೇ ಮೈತುಂಬ ಹರಡುತ್ತದೆ. ಅಂಥ ಮಕ್ಕಳಲ್ಲಿ ಕೆಲವರಿಗೆ ಐಎಲ್-12 ಹಿಡಿಯುವ ರಿಸೆಪ್ಟರ್ ಇಲ್ಲ ಎಂದು 1998ರಲ್ಲಿ ತಿಳಿಯಿತು. ಐಎಲ್-12 ಇದೆ, ಕೇಳಿಸಿಕೊಳ್ಳುವ ಕಿವಿ ಇಲ್ಲ. ಹಾಗಾಗಿ ಇಂಟರ್‌ಫೆರಾನ್ ಗಾಮಾ ಸಾಲದು. ಅದನ್ನು ಇಂಜೆಕ್ಷನ್ ಮೂಲಕ ಕೊಟ್ಟರೆ ಪ್ರಯೋಜನ ಆಗುತ್ತದೆ, ಏಕೆಂದರೆ ಆ ಪ್ರೋಟೀನಿನ ರಿಸೆಪ್ಟರ್ ಸರಿಯಾಗಿದೆ. ಈ ಮಕ್ಕಳನ್ನು ಕಾಡುವ ಇನ್ನೊಂದು ಸೋಂಕು ಸಾಲ್ಮೊನೆಲ್ಲಾ. ಉಳಿದ ಎಷ್ಟೋ ಸೋಂಕುಗಳನ್ನು ಅವರು ಎಲ್ಲರಂತೆಯೇ ಎದುರಿಸುತ್ತಾರೆ.

ಸ್ಟ್ಯಾಟ್3 ಜೀನ್ ಕೆಟ್ಟವರ ಚಿತ್ರ ಬೇರೆ. ಪದೇ ಪದೇ ಕುರು, ನ್ಯುಮೋನಿಯಾ, ಬಾಯಲ್ಲಿ ಕ್ಯಾಂಡಿಡಾ ಫಂಗಸ್. ಕುರು ಆದರೂ ಕೆಲವೊಮ್ಮೆ ಬಿಸಿ ಇರುವುದಿಲ್ಲ, ಕೆಂಪಗಾಗುವುದಿಲ್ಲ. ರಕ್ತದಲ್ಲಿ ಅಲರ್ಜಿಯ ಆಂಟಿಬಾಡಿ ವಿಪರೀತ. ಕಾರಣ ಸ್ಟ್ಯಾಟ್3 ಎಂದು 2007ರಲ್ಲಿ ಗೊತ್ತಾಯಿತು. ಇವರಲ್ಲಿ ಟಿಎಚ್17 ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇನ್ನು ಸ್ಟ್ಯಾಟ್1 ಕೆಲಸ ಜಾಸ್ತಿಯಾದರೆ? ಅವರಿಗೂ ಬಾಯಲ್ಲಿ, ಚರ್ಮದಲ್ಲಿ ಕ್ಯಾಂಡಿಡಾ ಬಿಡದೆ ಕಾಡುತ್ತದೆ. ಒಂದು ಸ್ಟ್ಯಾಟ್ ಜೋರಾದರೆ ಟಿಎಚ್17 ಬೆಳೆಯುವುದಿಲ್ಲ. ಶಕ್ತಿ ಜಾಸ್ತಿಯಾಗಿ ಬಂದ ಸೋಂಕು ಇದು.

ಇದನ್ನೆಲ್ಲ ಓದಿದ ಮೇಲೆ "ಇಮ್ಯುನಿಟಿ ಹೆಚ್ಚಿಸುತ್ತದೆ" ಎಂಬ ಜಾಹೀರಾತು ನೋಡಿದಾಗ ನನಗೆ ಬರುವ ಪ್ರಶ್ನೆ ಒಂದೇ. ಯಾವುದನ್ನು ಹೆಚ್ಚಿಸುತ್ತದೆ? ಟಿಎಚ್2 ಹೆಚ್ಚಾದರೆ ಅಸ್ತಮಾ ಇರುವವರ ಗತಿ? ಟಿಎಚ್17 ಹೆಚ್ಚಾದರೆ ಸೋರಿಯಾಸಿಸ್ ಇರುವವರ ಗತಿ? ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಆದರೆ ಬಾಟಲಿ ಮೇಲಿನ ಆ ಮಾತಿಗೆ ಹೆಚ್ಚು ಅರ್ಥವಿಲ್ಲ.

ಔಷಧ ಮಾಡುವವರು ಹಿಡಿದಿರುವುದು ಒಂದೊಂದೇ ಕೊಂಡಿಯನ್ನು. ಕೋವಿಡ್ ಎರಡನೇ ಅಲೆಯಲ್ಲಿ ಎಷ್ಟೋ ಮನೆಯವರು ಟೊಸಿಲಿಜುಮಾಬ್‌ಗಾಗಿ ಅಲೆದಾಡಿದರು. ಅದು ಐಎಲ್-6 ರಿಸೆಪ್ಟರ್ ಮುಚ್ಚುವ ಔಷಧ. ಆಗಲೇ ಕೇಳಿಬಂದ ಬ್ಯಾರಿಸಿಟಿನಿಬ್ ಜ್ಯಾಕ್ ತಡೆಯುವ ಮಾತ್ರೆ. ಅದೇ ಜಾತಿಯ ಟೊಫಾಸಿಟಿನಿಬ್‌ಗೆ ಅಮೆರಿಕದಲ್ಲಿ ಕೀಲುವಾತಕ್ಕೆ ಅನುಮತಿ ಸಿಕ್ಕಿದ್ದು 2012ರಲ್ಲಿ. ಜ್ಯಾಕ್ ನಾಲ್ಕೇ ಇರುವುದರಿಂದ ಒಂದನ್ನು ತಡೆದರೆ ಹಲವು ಸೈಟೊಕೈನ್‌ಗಳ ಬಾಯಿ ಒಟ್ಟಿಗೇ ಮುಚ್ಚುತ್ತದೆ. ಅದರ ಲಾಭವೂ ಅದೇ, ತೊಂದರೆಯೂ ಅದೇ. ಮಾತ್ರೆ ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಮಾಡಿಸುವುದು ಇದಕ್ಕೇ. ನಮ್ಮ ದೇಶದಲ್ಲಂತೂ ಅದನ್ನು ಬಿಡುವ ಹಾಗೇ ಇಲ್ಲ. ಸರ್ಪಸುತ್ತು ಬರುವ ಸಾಧ್ಯತೆಯೂ ಹೆಚ್ಚು.

ಒಂದೇ ಸೈಟೊಕೈನ್ ಗುರಿಯಿಟ್ಟರೂ ಆಶ್ಚರ್ಯ ತಪ್ಪಿದ್ದಲ್ಲ. ಐಎಲ್-17 ತಡೆಯುವ ಸೆಕುಕಿನುಮಾಬ್ ಸೋರಿಯಾಸಿಸ್‌ಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಕರುಳಿನ ಕ್ರೋನ್ಸ್ ಕಾಯಿಲೆಯಲ್ಲೂ ಟಿಎಚ್17 ಕೈವಾಡ ಇದೆ, ಅಲ್ಲೂ ಕೊಟ್ಟು ನೋಡೋಣ ಎಂದರು. 2012ರಲ್ಲಿ ಫಲಿತಾಂಶ ಬಂತು. ಗುಣ ಆಗಲಿಲ್ಲ, ಕೆಲವರಿಗೆ ಕಾಯಿಲೆ ಜಾಸ್ತಿಯಾಯಿತು. ಚರ್ಮದಲ್ಲಿ ಹಾನಿ ಮಾಡುವ ಐಎಲ್-17 ಕರುಳಿನಲ್ಲಿ ಗೋಡೆ ಕಾಯುತ್ತಿರುತ್ತದೆ. ಅದೇ ಕ್ರೋನ್ಸ್‌ಗೆ ಐಎಲ್-12 ಮತ್ತು ಐಎಲ್-23 ಎರಡನ್ನೂ ತಡೆಯುವ ಉಸ್ಟೆಕಿನುಮಾಬ್ ಉಪಯೋಗಕ್ಕೆ ಬಂತು. ಅದು ಹಿಡಿಯುವುದು ಆ ಹಳೆಯ ಪಿ40 ತುಂಡನ್ನೇ.

ಐಎಲ್-2ನ್ನು ಈಗ ಎರಡು ವಿರುದ್ಧ ಕೆಲಸಕ್ಕೆ ಬಳಸುತ್ತಾರೆ. ಭಾರೀ ಪ್ರಮಾಣದಲ್ಲಿ ಕೊಟ್ಟರೆ ಅದು ಟಿ ಕೋಶಗಳನ್ನು ಕೆರಳಿಸುತ್ತದೆ. ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೆ ಅಮೆರಿಕ 1992ರಲ್ಲಿ ಹಾಗೆ ಕೊಡಲು ಒಪ್ಪಿತು. ಅದೇ ಐಎಲ್-2 ತೀರಾ ಕಡಿಮೆ ಕೊಟ್ಟರೆ ಟಿ-ರೆಗ್ ಮಾತ್ರ ಬೆಳೆಯುತ್ತವೆ, ಏಕೆಂದರೆ ಚೂರು ಐಎಲ್-2 ಇದ್ದರೂ ಹಿಡಿಯಬಲ್ಲ ರಿಸೆಪ್ಟರ್ ಅವುಗಳ ಮೈಮೇಲೆ ಯಾವಾಗಲೂ ಇರುತ್ತದೆ. ಮೂಳೆಮಜ್ಜೆ ಕಸಿ ಮಾಡಿದ ಮೇಲೆ ಕಸಿಯ ಕೋಶಗಳು ರೋಗಿಯ ಮೇಲೇ ಬೀಳುವುದುಂಟು. ಹಾಗೆ ಬಿದ್ದವರಿಗೆ ಈ ಸಣ್ಣ ಪ್ರಮಾಣ ಕೊಟ್ಟು ನೋಡಿದ ಫಲಿತಾಂಶ 2011ರಲ್ಲಿ ಬಂತು. ಟಿ-ರೆಗ್ ಹೆಚ್ಚಿದವು, ಹಲವರ ಕಾಯಿಲೆ ಇಳಿಯಿತು. ಅಲ್ಲಿಂದೀಚೆಗೆ ಲೂಪಸ್ ಎಂಬ ಆಟೊಇಮ್ಯೂನ್ ಕಾಯಿಲೆಯಲ್ಲೂ ಟೈಪ್-1 ಸಕ್ಕರೆ ಕಾಯಿಲೆಯಲ್ಲೂ ಇದನ್ನು ಪರೀಕ್ಷಿಸುತ್ತಿದ್ದಾರೆ. ಟಿ-ರೆಗ್‌ನ ರಿಸೆಪ್ಟರ್‌ಗೆ ಮಾತ್ರ ಅಂಟುವ ಹಾಗೆ ಐಎಲ್-2 ಆಕಾರವನ್ನೇ ಚೂರು ತಿದ್ದುವ ಕೆಲಸವೂ ನಡೆದಿದೆ.